ಲಕ್ವಾ ಹೊಡೆದದ್ದು ಕೈಗೆ, ಹೊಂಚು ಹಾಕಿದ್ದು ಎದೆಗೆ

ಅಫಜಲಪುರ ತಾಲೂಕಿನ ಗೊಬ್ಬೂರಿನಂಥ ಊರಲ್ಲಿ 'ಪಾರ್ಶ್ವವಾಯು' ಎಂದರೆ ಅದು ಪತ್ರಿಕೆಯ ಮಾತು. ಕಟ್ಟೆಯ ಮೇಲಿನ ಮಾತು ಲಕ್ವಾ. "ಲಕ್ವಾ ಹೊಡದದ" ಎಂಬ ಸುದ್ದಿ ಓಣಿಗೆ ಮುಟ್ಟಿದ ಗಳಿಗೆಯಿಂದಲೇ ಸಲಹೆಗಳ ಸಾಲು ಶುರುವಾಗುತ್ತದೆ: ಎಣ್ಣೆ ಹಚ್ಚಿ ತಿಕ್ಕುವವರು ಇಂಥ ಊರಲ್ಲಿದ್ದಾರೆ, ನಾಟಿ ಔಷಧಿ ಅಂಥ ಕಡೆ ಸಿಗುತ್ತದೆ, ಕಾಡುಪಾರಿವಾಳದ ರಕ್ತ ಸವರಿ ನೋಡಿ, ಗಾಣಗಾಪುರದ ದತ್ತನಿಗೆ ಹರಕೆ ಹೊರಿ. ದವಾಖಾನೆಗೆ ಒಯ್ದು ತಂದವರ ಮನೆಯಲ್ಲೂ ಎಲ್ಲರ ಕಣ್ಣು ಜೋತುಬಿದ್ದ ಕೈಯ ಮೇಲೆ, ಎಳೆಯುವ ಕಾಲಿನ ಮೇಲೆ, ಓರೆಯಾದ ಬಾಯಿಯ ಮೇಲೆ. ಎದೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಎತ್ತಲೇಬೇಕಾದ ಮಾತು ಅದು. ಸ್ಟ್ರೋಕ್ ಅಥವಾ ಅದರ ಮುನ್ಸೂಚನೆಯಿಂದ ಪಾರಾದ ಸುಮಾರು 66,000 ಜನರನ್ನು ಒಳಗೊಂಡ 39 ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಅವರಲ್ಲಿ ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಹೃದಯಾಘಾತ ಆಗುತ್ತಿತ್ತು. ಮತ್ತೊಂದು ಸ್ಟ್ರೋಕಿನಿಂದಲ್ಲದೆ ಹೃದಯ, ರಕ್ತನಾಳಗಳ ಬೇರೆ ತೊಂದರೆಯಿಂದ ಸಾಯುವವರೂ ವರ್ಷಕ್ಕೆ ಸರಿಸುಮಾರು ಅಷ್ಟೇ ಇದ್ದರು. ನೂರಕ್ಕೆ ಎರಡು ಅಲ್ಪವೆನ್ನಿಸಬಹುದು. ಅದೇ ದರ ಹತ್ತು ವರ್ಷ ನಡೆದರೆ ಐವರಲ್ಲಿ ಒಬ್ಬರ ಹತ್ತಿರಕ್ಕೆ ಬರುತ್ತದೆ. ಊರುಗೋಲು ಹಿಡಿದು ನಡೆಯುವುದನ್ನು ಕಷ್ಟಪಟ್ಟು ಕಲಿತ ಮನುಷ್ಯ, ಮೂರನೇ ವರ್ಷ ಎದೆ ಹಿಡಿದುಕೊಂಡು ಕುಸಿದರೆ ಮನೆಯವರು ಅದನ್ನು ಬೇರೊಂದು ರೋಗ, ಬೇರೊಂದು ದುರ್ದೈವ ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಅದು ಹಳೆಯ ರೋಗವೇ.

ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳವೂ ಹೃದಯಕ್ಕೆ ರಕ್ತ ಉಣಿಸುವ ನಾಳವೂ ಒಂದೇ ಮನೆಯ ಪೈಪುಗಳು. ಒಂದರಲ್ಲಿ ಗಸಿ ಕಟ್ಟಿದೆ ಎಂದರೆ ಇನ್ನೊಂದರಲ್ಲಿ ಕಟ್ಟಿಲ್ಲ ಎನ್ನಲು ಕಾರಣವಿಲ್ಲ. ಬಿಪಿ, ಸಕ್ಕರೆ, ಬೀಡಿ, ಗುಟ್ಕಾ, ಕೊಬ್ಬು ಇವು ದೇಹದ ಒಂದೇ ಕೋಣೆಗೆ ಹೋಗಿ ಬರುವ ಅತಿಥಿಗಳಲ್ಲ. ಹಾಗೆಂದು ಎಲ್ಲ ಲಕ್ವಾಕ್ಕೂ ಕೊಬ್ಬೇ ಕಾರಣವೆಂದೂ ಹೇಳುವಂತಿಲ್ಲ. ಬಿಪಿ ಏರಿ ಮೆದುಳಿನೊಳಗೆ ನಾಳ ಒಡೆದು ರಕ್ತ ಸೋರಿದರೂ ಲಕ್ವಾ. ಹೃದಯದ ಬಡಿತ ತಾಳ ತಪ್ಪಿ ಅಲ್ಲೇ ಹೆಪ್ಪುಗಟ್ಟಿದ ರಕ್ತದ ಚೂರು ಮೆದುಳಿಗೆ ಹಾರಿದರೂ ಲಕ್ವಾ. ಮೂರಕ್ಕೂ ಮದ್ದು ಬೇರೆ ಬೇರೆ. ಸಿ.ಟಿ. ಸ್ಕ್ಯಾನ್ ಇಲ್ಲದೆ ಇದು ಯಾವ ಲಕ್ವಾ ಎಂದು ಗ್ಯಾರಂಟಿಯಾಗಿ ಹೇಳಬಲ್ಲ ವೈದ್ಯರು ಕಲಬುರಗಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ.

ಈ 'ಲಕ್ವಾ' ಎಂಬ ಪದದಲ್ಲೇ ಒಂದು ಗೋಜಲಿದೆ. ಮೆದುಳಿನ ರಕ್ತನಾಳ ಕಟ್ಟಿ ಕೈಕಾಲು ಬಿದ್ದರೂ ಜನ ಲಕ್ವಾ ಎನ್ನುತ್ತಾರೆ, ಮುಖದ ಒಂದು ನರ ಬಾತು ಬಾಯಿ ಮಾತ್ರ ಓರೆಯಾದರೂ ಲಕ್ವಾ ಎನ್ನುತ್ತಾರೆ. ಎರಡನೆಯದಕ್ಕೆ ವೈದ್ಯರು ಬೆಲ್ಸ್ ಪಾಲ್ಸಿ ಎಂದು ಹೆಸರಿಟ್ಟಿದ್ದಾರೆ. ಅದು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು. ಆ ವಾರಗಳಲ್ಲಿ ಯಾರು ಎಣ್ಣೆ ತಿಕ್ಕಿದ್ದರೋ, ಯಾರು ಸೊಪ್ಪಿನ ರಸ ಹಾಕಿದ್ದರೋ ಅವರಿಗೆ ಕೀರ್ತಿ. ಆ ಕೀರ್ತಿಯನ್ನು ನಂಬಿ ನಿಜವಾದ ಸ್ಟ್ರೋಕ್ ಆದವರನ್ನು ಅದೇ ಬಾಗಿಲಿಗೆ ಒಯ್ಯುತ್ತಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ತಾಸು ದಾರಿಯಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಹತ್ತು ನಿಮಿಷ ಕೈ ಜೋಮು ಹಿಡಿದಂತಾಗಿ, ಮಾತು ತೊದಲಿ, ಮತ್ತೆ ಎಲ್ಲ ಸರಿಹೋಗುತ್ತದೆ. "ಬಿಸಲಿಗಿ ಆತು" ಎಂದು ನೀರು ಕುಡಿದು ಮಲಗುತ್ತಾರೆ. ಕಲಬುರಗಿಯ ಬಿಸಿಲಿನಲ್ಲಿ ಈ ವಿವರಣೆಯನ್ನು ಅಲ್ಲಗಳೆಯುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಬಂದು ಹೋದ ತೊಂದರೆಯ 1,707 ಜನರನ್ನು ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರು ತಿಂಗಳೊಳಗೆ ಶೇ 10.5ರಷ್ಟು ಜನರಿಗೆ ಪೂರ್ಣ ಸ್ಟ್ರೋಕ್ ಆಗಿತ್ತು. ಅದರಲ್ಲಿ ಅರ್ಧ ಮೊದಲ ಎರಡೇ ದಿನಗಳಲ್ಲಿ.

ಲಕ್ವಾದಂಥ ಕಾಯಿಲೆಯನ್ನು ಒಂದು ಮುಕ್ತಾಯ ಎಂದು ನೋಡುವುದು ಹಳ್ಳಿಗಷ್ಟೇ ಸೀಮಿತವಾದ ಅಭ್ಯಾಸವಲ್ಲ. ಇದೇ ಜಿಲ್ಲೆಯ ಚಿಂಚೋಳಿಯ ವೀರೇಂದ್ರ ಪಾಟೀಲರು 1989ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ಗೆಲ್ಲಿಸಿ ಎರಡನೇ ಸಲ ಮುಖ್ಯಮಂತ್ರಿಯಾದರು. ಮರುವರ್ಷ ಅವರು ಕಾಯಿಲೆ ಬಿದ್ದರು. 1990ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬೆಂಗಳೂರಿಗೆ ಬಂದು, ವಾಪಸು ಹೋಗುವಾಗ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾಗುತ್ತದೆ ಎಂದು ಹೇಳಿದ್ದು ಕರ್ನಾಟಕದ ರಾಜಕೀಯ ಮರೆಯದ ಸಂಗತಿ. ಪಾಟೀಲರು ತೀರಿಕೊಂಡದ್ದು 1997ರ ಮಾರ್ಚಿನಲ್ಲಿ. ಅಂದರೆ ಕುರ್ಚಿ ಹೋದ ಮೇಲೂ ಆರು ವರ್ಷಕ್ಕೆ ಮೇಲ್ಪಟ್ಟು ಬದುಕಿದ್ದರು. ಅವರ ರಾಜಕೀಯ ಅನ್ಯಾಯದ ಬಗ್ಗೆ ಈಗಲೂ ಚುನಾವಣೆ ಬಂದಾಗಲೆಲ್ಲ ಭಾಷಣಗಳಾಗುತ್ತವೆ. ಕಾಯಿಲೆ ಬಂದು ಉಳಿದ ಮನುಷ್ಯನ ಮುಂದಿನ ವರ್ಷಗಳು ಹೇಗಿರುತ್ತವೆ, ಆ ವರ್ಷಗಳಲ್ಲಿ ಆತನಿಗೆ ಏನು ಬೇಕು ಎಂಬ ಮಾತಿಗೆ ಮಾತ್ರ ವೇದಿಕೆಯಿಲ್ಲ.

ಬೇಕಾದದ್ದರಲ್ಲಿ ಮುಖ್ಯವಾದದ್ದು ಕೊಲೆಸ್ಟ್ರಾಲಿನ ಲೆಕ್ಕ. ಇದರ ಬಗ್ಗೆ ಇರುವಷ್ಟು ಅರ್ಧ ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲವೇನೋ.

ಕೊಲೆಸ್ಟ್ರಾಲ್ ವಿಷವಲ್ಲ. ದೇಹದ ಪ್ರತಿಯೊಂದು ಜೀವಕೋಶದ ಗೋಡೆಗೂ ಅದು ಬೇಕು. ಗಂಡು, ಹೆಣ್ಣು ಎರಡರ ಹಾರ್ಮೋನು, ಪಿತ್ತರಸ, ಬಿಸಿಲಲ್ಲಿ ಚರ್ಮ ತಯಾರಿಸುವ 'ಡಿ' ಜೀವಸತ್ವ ಎಲ್ಲಕ್ಕೂ ಅದರ ನಂಟಿದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮೆದುಳು ಇಡೀ ದೇಹದ ಕೊಲೆಸ್ಟ್ರಾಲಿನ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ಇಟ್ಟುಕೊಂಡಿದೆ. ಆದರೆ ಅದನ್ನು ರಕ್ತದಿಂದ ಎರವಲು ತರುವುದಿಲ್ಲ, ತನ್ನಲ್ಲೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿನ ಕೊಲೆಸ್ಟ್ರಾಲ್ ಇಳಿಸಿದರೆ ಮೆದುಳು ಒಣಗುತ್ತದೆ ಎಂಬ ವಾಟ್ಸಾಪ್ ಜ್ಞಾನಕ್ಕೆ ಇಲ್ಲೇ ಉತ್ತರವಿದೆ. ಹಾಗೆಯೇ "ನಾವು ಮಾಂಸ ಮುಟ್ಟೋದಿಲ್ಲ, ನಮಗೆಲ್ಲಿಯ ಕೊಲೆಸ್ಟ್ರಾಲ್" ಎಂಬ ಶರಣರ ನಾಡಿನ ನಂಬಿಕೆಗೂ. ರಕ್ತದಲ್ಲಿರುವುದರ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ಯಕೃತ್ತು ತಯಾರಿಸಿದ್ದು. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಒಳ್ಳೆಯ ಊಟವೇ. ಸುಸಲಾದ ಜೊತೆಗೆ ದಿನಾ ನಾಲ್ಕು ಮಿರ್ಚಿ ಬಜಿ ಬಿದ್ದರೆ ಕಥೆ ಬೇರೆ. ರೊಟ್ಟಿ ಮಾತ್ರ ತಿಂದು ಬದುಕಿದವರ ಯಕೃತ್ತೂ ತನ್ನ ಕೆಲಸ ನಿಲ್ಲಿಸಿರುವುದಿಲ್ಲ.

ಎಣ್ಣೆಯಂಥ ವಸ್ತು ನೀರಿನಂಥ ರಕ್ತದಲ್ಲಿ ತಾನಾಗಿ ಕರಗುವುದಿಲ್ಲ. ಅದಕ್ಕೆ ಗಾಡಿ ಬೇಕು. ಯಕೃತ್ತಿನಿಂದ ಹೊರಗೆ ಸರಕು ಒಯ್ಯುವ ಗಾಡಿಗೆ ಎಲ್‌ಡಿಎಲ್ ಎಂದು ಹೆಸರು. ಗಾಡಿಗಳು ಅತಿಯಾದರೆ ದಾರಿಯಲ್ಲೇ, ಅಂದರೆ ನಾಳದ ಗೋಡೆಯಲ್ಲೇ, ಸರಕು ಸುರಿಯುತ್ತವೆ. ಅದನ್ನು ತೆಗೆಯಲು ಬಂದ ರಕ್ಷಕ ಕೋಶಗಳು ಕೊಬ್ಬನ್ನು ನುಂಗಿ ನುಂಗಿ ನೊರೆ ತುಂಬಿದಂತೆ ಊದಿಕೊಂಡು ಅಲ್ಲೇ ಸಿಕ್ಕಿಬೀಳುತ್ತವೆ. ಆ ಗಂಟು ಒಂದು ದಿನ ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಕುತ್ತಿಗೆಯಲ್ಲಾದರೆ ಲಕ್ವಾ, ಎದೆಯಲ್ಲಾದರೆ ಹಾರ್ಟ್ ಅಟ್ಯಾಕ್. ರಕ್ತದಿಂದ ಎಲ್‌ಡಿಎಲ್ ಅನ್ನು ಜೀವಕೋಶ ಹೇಗೆ ಹಿಡಿದು ಒಳಗೆಳೆದುಕೊಳ್ಳುತ್ತದೆ ಎಂದು ಕಂಡುಹಿಡಿದ ಮೈಕಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೈನ್ ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು.

ಎದುರು ದಿಕ್ಕಿನ ಗಾಡಿ ಎಚ್‌ಡಿಎಲ್. ಸಿಕ್ಕಿಬಿದ್ದ ಕೊಬ್ಬನ್ನು ಆ ಊದಿದ ಕೋಶಗಳಿಂದ ಹೊರಗೆಳೆದು ಯಕೃತ್ತಿಗೆ ಮರಳಿ ಒಯ್ಯುವುದು ಅದರ ಕೆಲಸ. ಆದ್ದರಿಂದಲೇ ಅದಕ್ಕೆ 'ಒಳ್ಳೆ ಕೊಲೆಸ್ಟ್ರಾಲ್' ಎಂಬ ಹೊಗಳಿಕೆ. ಭಾರತೀಯರ ರಕ್ತದಲ್ಲಿ ಇದೇ ಕಡಿಮೆ. ಐಸಿಎಂಆರ್ ನಡೆಸಿದ 'ಇಂಡಿಯಾಬ್' ಸಮೀಕ್ಷೆಯ ಮೊದಲ ಹಂತದಲ್ಲಿ, 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಡದಲ್ಲಿ ಪರೀಕ್ಷಿಸಿದವರಲ್ಲಿ ಶೇ 72ರಷ್ಟು ಜನರ ಎಚ್‌ಡಿಎಲ್ ಕಡಿಮೆಯಿತ್ತು. ಎಲ್‌ಡಿಎಲ್ ಹೆಚ್ಚಿದ್ದವರು ಶೇ 12ರಷ್ಟು ಮಾತ್ರ. ಹಾಗಿದ್ದರೆ ಎಚ್‌ಡಿಎಲ್ ಏರಿಸುವ ಗುಳಿಗೆ ಕೊಟ್ಟುಬಿಟ್ಟರೆ ಮುಗಿಯಿತಲ್ಲ? ಔಷಧ ಕಂಪನಿಗಳೂ ಹಾಗೇ ಲೆಕ್ಕ ಹಾಕಿದ್ದವು.

ಟಾರ್ಸೆಟ್ರಾಪಿಬ್ ಎಂಬ ಗುಳಿಗೆ ಎಚ್‌ಡಿಎಲ್ ಅನ್ನು ಶೇ 72ರಷ್ಟು ಏರಿಸಿತು, ಎಲ್‌ಡಿಎಲ್ ಅನ್ನು ಕಾಲು ಭಾಗ ಇಳಿಸಿತು. ಕಾಗದದ ಮೇಲೆ ಅದಕ್ಕಿಂತ ಚೆಂದದ ಔಷಧವಿಲ್ಲ. ಸುಮಾರು 15,000 ಜನರ ಮೇಲೆ ಪ್ರಯೋಗ ನಡೆದಿದ್ದಾಗ, ಗುಳಿಗೆ ತೆಗೆದುಕೊಂಡವರ ಗುಂಪಿನಲ್ಲೇ ಹೆಚ್ಚು ಸಾವು ಕಂಡು 2006ರ ಡಿಸೆಂಬರಿನಲ್ಲಿ ಎಲ್ಲವನ್ನೂ ನಿಲ್ಲಿಸಬೇಕಾಯಿತು. ಅದು ರಕ್ತದೊತ್ತಡ ಏರಿಸುತ್ತಿತ್ತು, ಆ ದೋಷ ಬೇರೆ. ಆದರೆ ನಯಾಸಿನ್ ಎಂಬ ಹಳೆಯ ಮದ್ದು ಕೂಡ ಎಚ್‌ಡಿಎಲ್ ಏರಿಸಿಯೂ ಹೃದಯ ಕಾಯಲಿಲ್ಲ. ಡೆನ್ಮಾರ್ಕಿನಲ್ಲಿ 1,16,000ಕ್ಕೂ ಹೆಚ್ಚು ಜನರನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಎಚ್‌ಡಿಎಲ್ ವಿಪರೀತ ಹೆಚ್ಚಿದ್ದವರಲ್ಲಿ ಸಾವಿನ ಪ್ರಮಾಣವೂ ಹೆಚ್ಚೆಂದು ತೋರಿಸಿತು.

ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ ಲಿಮೋನೆ ಎಂಬ ಒಂದು ಹಳ್ಳಿಯಿದೆ. ಸಾವಿರ ಜನರ ಆಜುಬಾಜಿನ ಊರು, ಗೊಬ್ಬೂರಿಗಿಂತ ಸಣ್ಣದು. 1970ರ ದಶಕದ ಕೊನೆಗೆ ಮಿಲಾನಿನ ವೈದ್ಯರ ಬಳಿ ಈ ಊರಿನ ಮೂಲದ ರೈಲ್ವೆ ನೌಕರನೊಬ್ಬ ಬಂದ. ಆತನ ಎಚ್‌ಡಿಎಲ್ ತೀರಾ ಕೆಳಗೆ. ಪುಸ್ತಕದ ಪ್ರಕಾರ ಆತನ ನಾಳಗಳು ಹಾಳಾಗಿರಬೇಕಿತ್ತು. ಆಗಿರಲಿಲ್ಲ. ವೈದ್ಯರು ಹಳ್ಳಿಗೇ ಹೋಗಿ ಎಲ್ಲರ ರಕ್ತ ಪರೀಕ್ಷಿಸಿದಾಗ, ಹಲವು ತಲೆಮಾರುಗಳಿಂದ ಕೆಲವು ಮನೆತನಗಳಲ್ಲಿ ಹರಿದುಬಂದ ಒಂದು ಬದಲಾವಣೆ ಸಿಕ್ಕಿತು. ಎಚ್‌ಡಿಎಲ್ಲಿನ ಮುಖ್ಯ ಪ್ರೋಟೀನಿನಲ್ಲಿ ಒಂದೇ ಒಂದು ಕಟ್ಟುಗಲ್ಲು ಬೇರೆ. ಅಂಥವರಲ್ಲಿ ಗಾಡಿಗಳ ಸಂಖ್ಯೆ ಕಡಿಮೆ, ಕೆಲಸ ಮಾತ್ರ ಚುರುಕು.

ಕಲಬುರಗಿಯ ದಾಲ್ ಮಿಲ್ಲಿನ ಮುಂದೆ ಎಷ್ಟು ಲಾರಿ ನಿಂತಿವೆ ಎಂದು ಎಣಿಸಿದರೆ ಎಷ್ಟು ಚೀಲ ತೊಗರಿ ಸಾಗಿತು ಎಂದು ಗೊತ್ತಾಗುವುದಿಲ್ಲ. ಟೈರು ಪಂಕ್ಚರಾದ ಹತ್ತು ಲಾರಿಗಿಂತ ಓಡುವ ನಾಲ್ಕು ಲಾರಿ ಮೇಲು. ರಕ್ತದ ವರದಿಯಲ್ಲಿ ಎಚ್‌ಡಿಎಲ್ ಎಂದು ಬರೆಯುವುದು ನಿಂತ ಲಾರಿಗಳ ಲೆಕ್ಕ. ಸರಕು ಎತ್ತುವ ತಾಕತ್ತನ್ನು ಅಳೆಯುವ ಪರೀಕ್ಷೆ ಬೇರೆಯೇ ಇದೆ. ಅಮೆರಿಕದ ಡಲ್ಲಾಸ್‌ನಲ್ಲಿ ಆನಂದ್ ರೋಹಟಗಿ ಮತ್ತು ಸಂಗಡಿಗರು ಹೃದ್ರೋಗವಿಲ್ಲದ 2,416 ಜನರಲ್ಲಿ ಅದನ್ನು ಅಳೆದು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2014ರಲ್ಲಿ ಫಲಿತಾಂಶ ಕೊಟ್ಟರು. ತಾಕತ್ತು ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ, ಅತಿ ಕಡಿಮೆಯಿದ್ದ ಕಾಲು ಭಾಗದವರಿಗಿಂತ ಹೃದಯಾಘಾತ, ಸ್ಟ್ರೋಕ್ ಮುಂತಾದವುಗಳ ಅಪಾಯ ಶೇ 67ರಷ್ಟು ಕಡಿಮೆ. ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಬರಿಯ ಎಚ್‌ಡಿಎಲ್ ಅಂಕಿಗೆ ಅಂಥ ನಂಟು ಉಳಿಯಲಿಲ್ಲ. ಸಕ್ಕರೆ ಕಾಯಿಲೆ, ತಂಬಾಕು, ಮೈಯೊಳಗಿನ ಉರಿಯೂತ ಇವು ಗಾಡಿಯ ಟೈರು ಇಳಿಸುವಂಥವು. ಸ್ಟ್ರೋಕ್ ಆದ ದಿನಗಳಲ್ಲೂ ಎಚ್‌ಡಿಎಲ್ ಸರಿಯಾಗಿ ದುಡಿಯುವುದಿಲ್ಲ ಎಂಬುದನ್ನು ಸಂಶೋಧಕರು ಕಂಡಿದ್ದಾರೆ.

ಇಷ್ಟೆಲ್ಲ ತಿಳಿದರೂ ಆ ತಾಕತ್ತನ್ನು ಹೊರಗಿನಿಂದ ತುಂಬುವ ಮದ್ದು ಕೈಗೆ ಬಂದಿಲ್ಲ. ಎಚ್‌ಡಿಎಲ್ಲಿನ ಮುಖ್ಯ ಪ್ರೋಟೀನನ್ನೇ ರಕ್ತನಾಳಕ್ಕೆ ಏರಿಸುವ ದೊಡ್ಡ ಪ್ರಯೋಗ, ಹೃದಯಾಘಾತವಾದ 18,219 ಜನರಲ್ಲಿ ನಡೆದದ್ದು, 2024ರಲ್ಲಿ ಮುಗಿಯಿತು. 90 ದಿನಗಳ ಗುರಿ ತಲುಪಲಿಲ್ಲ. ಆದ್ದರಿಂದ ವರದಿ ಹಿಡಿದು "ಒಳ್ಳೆ ಕೊಲೆಸ್ಟ್ರಾಲ್ ಐವತ್ತೈದು ಅದ, ಚಿಂತಿ ಇಲ್ಲ" ಎಂದು ಸಮಾಧಾನಪಡುವುದಾಗಲಿ, ಅದು ಮೂವತ್ತೆರಡಿದೆ ಎಂದು ಅದನ್ನು ಏರಿಸುವ ಪುಡಿ, ಕಷಾಯ, ಕ್ಯಾಪ್ಸೂಲು ಹುಡುಕಿ ದುಡ್ಡು ಸುರಿಯುವುದಾಗಲಿ ಎರಡೂ ದಾರಿ ತಪ್ಪಿದ ನಡೆ. ಹೊಲಕ್ಕೆ ನಡೆದು ಹೋಗುವುದು, ಬೀಡಿ ಬಿಡುವುದು, ಸಕ್ಕರೆ ಹಿಡಿತದಲ್ಲಿಡುವುದು ಗಾಡಿಯ ರಿಪೇರಿಗೆ ಒಳ್ಳೆಯವು. ಉಳಿದಂತೆ ಕೈಯಲ್ಲಿರುವ ಗಟ್ಟಿ ಹತಾರು ಒಂದೇ: ಎಲ್‌ಡಿಎಲ್ ಇಳಿಸುವುದು.

ಆ ಹತಾರು ಹುಟ್ಟಿದ್ದು ಬೂಷ್ಟಿನಲ್ಲಿ. ಜಪಾನಿನ ರೈತ ಮನೆತನದ ಅಕಿರಾ ಎಂಡೋ 1970ರ ದಶಕದ ಆರಂಭದಲ್ಲಿ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸಿ, ಅಕ್ಕಿಯ ಮೇಲೆ ಬೆಳೆದಿದ್ದ ಒಂದು ನೀಲಿ-ಹಸಿರು ಬೂಷ್ಟಿನಲ್ಲಿ ಯಕೃತ್ತಿನ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುವ ವಸ್ತು ಕಂಡರು. ಸ್ಟಾಟಿನ್ ಎಂಬ ಔಷಧ ಕುಟುಂಬದ ಮೊದಲ ಕುಡಿ ಅದು. ಎಂಡೋ 2024ರಲ್ಲಿ ತೀರಿಕೊಂಡರು. ನೊಬೆಲ್ ಅವರಿಗೆ ಬರಲೇ ಇಲ್ಲ.

ಸ್ಟ್ರೋಕ್ ಆದವರಿಗೆ ಸ್ಟಾಟಿನ್ ಕೆಲಸ ಮಾಡುತ್ತದೆಯೇ ಎಂದು ನೇರವಾಗಿ ಕೇಳಿದ ಪ್ರಯೋಗದ ಹೆಸರು 'ಸ್ಪಾರ್ಕಲ್', ವರ್ಷ 2006. ಇತ್ತೀಚೆಗೆ ಸ್ಟ್ರೋಕ್ ಅಥವಾ ಅದರ ಮುನ್ಸೂಚನೆ ಆಗಿದ್ದ, ಹೃದ್ರೋಗ ಇದೆಯೆಂದು ಗೊತ್ತಿರದ 4,731 ಜನ. ಅರ್ಧ ಜನಕ್ಕೆ ದಿನಕ್ಕೆ 80 ಮಿಲಿಗ್ರಾಂ ಅಟೊರ್ವಾಸ್ಟಾಟಿನ್, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಸುಮಾರು ಐದು ವರ್ಷದಲ್ಲಿ ಮತ್ತೆ ಸ್ಟ್ರೋಕ್ ಆದವರು ಶೇ 13.1ರಿಂದ 11.2ಕ್ಕೆ ಇಳಿದರು. ಗಮನಿಸಬೇಕಾದದ್ದು ಮುಂದಿನದು. ಹೃದಯಾಘಾತದಂಥ ದೊಡ್ಡ ಹೃದಯ ಘಟನೆಗಳು ಶೇ 5.1ರಿಂದ 3.4ಕ್ಕೆ ಇಳಿದವು, ಅಂದರೆ ಸರಿಸುಮಾರು ಮೂರನೇ ಒಂದು ಪಾಲು ಕಡಿಮೆ. ಇವರಾರಿಗೂ ಹೃದ್ರೋಗವೇ ಇಲ್ಲ ಎಂದುಕೊಂಡಿದ್ದರು! ಮೆದುಳಿಗೆಂದು ಕೊಟ್ಟ ಗುಳಿಗೆ, ದೂರಿಲ್ಲದೆ ಕೂತಿದ್ದ ಎದೆಯನ್ನು ಅದಕ್ಕಿಂತ ಚೆನ್ನಾಗಿ ಕಾಯಿತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಮೆದುಳಿನ ರಕ್ತಸ್ರಾವ ಗುಳಿಗೆ ನುಂಗಿದವರಲ್ಲಿ 55, ನುಂಗದವರಲ್ಲಿ 33. ಆದ್ದರಿಂದಲೇ ರಕ್ತ ಸೋರಿ ಲಕ್ವಾ ಆದವರಿಗೆ ಈ ಗುಳಿಗೆ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ತೂಗಿ ನೋಡಬೇಕು, ಪಕ್ಕದ ಮನೆಯವರ ಚೀಟಿ ನೋಡಿ ತರುವಂಥದ್ದಲ್ಲ.

ಎಷ್ಟಕ್ಕೆ ಇಳಿಸಬೇಕು? ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದ 2,860 ಜನರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ, ಎಲ್‌ಡಿಎಲ್ 90–110ರಲ್ಲಿ ಇಟ್ಟವರಿಗಿಂತ 70ರ ಕೆಳಗೆ ಇಳಿಸಿದವರಿಗೆ ಹೃದಯ, ಮೆದುಳಿನ ಆಘಾತ ಕಡಿಮೆ ಎಂದು ತೋರಿಸಿತು: ಶೇ 10.9ರ ಜಾಗದಲ್ಲಿ 8.5. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸ್ಟ್ರೋಕ್ ಆದವರನ್ನೂ ಸೇರಿಸಿ ಅತಿ ಹೆಚ್ಚು ಅಪಾಯದವರಿಗೆ 55ರ ಕೆಳಗೆ ಎನ್ನುತ್ತದೆ.

ಇಲ್ಲೇ ಒಂದು ದಿನನಿತ್ಯದ ಅವಘಡವಿದೆ. ಲ್ಯಾಬಿನ ವರದಿಯ ಬಲಬದಿಯಲ್ಲಿ ಎಲ್‌ಡಿಎಲ್ ಮುಂದೆ '100ಕ್ಕಿಂತ ಕಡಿಮೆ' ಎಂದು ಅಚ್ಚಾಗಿರುತ್ತದೆ. ಅದು ಆರೋಗ್ಯವಂತನ ಅಳತೆ. ಲಕ್ವಾ ಆದವರ ವರದಿಯಲ್ಲಿ 96 ಎಂದು ಬಂದರೆ ಲ್ಯಾಬಿನ ಹುಡುಗನೂ ನಾರ್ಮಲ್ ಎನ್ನುತ್ತಾನೆ, ಮಗನೂ ನಾರ್ಮಲ್ ಎನ್ನುತ್ತಾನೆ. "ಮಾವಾ, ಗುಳಿಗಿ ತಗೊಂಡ್ರೇನು?" ಎಂದು ಸೊಸೆ ಕೇಳಿದರೆ, "ಬಿಡವ್ವಾ, ನಾರ್ಮಲ್ ಬಂದದ, ಇನ್ಯಾಕ ಗುಳಿಗಿ?" ಎಂಬ ಉತ್ತರ ಸಿದ್ಧ. ನಾರ್ಮಲ್ ಬಂದದ್ದೇ ಗುಳಿಗೆಯಿಂದ ಎಂಬುದು ಒಂದು. ಆ ಮನುಷ್ಯನಿಗೆ 96 ನಾರ್ಮಲ್ಲೇ ಅಲ್ಲ ಎಂಬುದು ಇನ್ನೊಂದು. ಒಂದೇ ಕಾಗದದ ಮೇಲೆ ಎಲ್ಲರಿಗೂ ಒಂದೇ ಅಳತೆ ಅಚ್ಚು ಹಾಕುವ ಈ ಪದ್ಧತಿ ಬದಲಾಗಬೇಕು. 'ಸ್ಟ್ರೋಕ್, ಹೃದಯಾಘಾತ ಆದವರಿಗೆ 55ಕ್ಕಿಂತ ಕಡಿಮೆ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಸೇರಿಸಲು ಯಾವ ಯಂತ್ರವೂ ಬೇಕಿಲ್ಲ.

ಗುಳಿಗೆ ಬಿಡಲು ಕಾಲುನೋವು ಇನ್ನೊಂದು ಕಾರಣ. ಸ್ಟಾಟಿನ್ ಕೆಲವರಿಗೆ ಸ್ನಾಯು ನೋವು ತರುವುದು, ಸಕ್ಕರೆಯನ್ನು ತುಸು ಏರಿಸುವುದು ನಿಜ. ಆದರೆ ನೋವಿನಿಂದ ಗುಳಿಗೆ ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಮದ್ದಿಲ್ಲದ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಗುಟ್ಟಾಗಿ ಅದಲುಬದಲು ಮಾಡಿ ನೋಡಿದರು. ಸ್ಟಾಟಿನ್ ತಂದ ತೊಂದರೆಯ ಶೇ 90ರಷ್ಟು, ಮದ್ದಿಲ್ಲದ ಗುಳಿಗೆ ನುಂಗಿದಾಗಲೂ ಇತ್ತು. ನೋವು ಸುಳ್ಳಲ್ಲ, ಅದರ ಅಪವಾದ ಹೊತ್ತವನು ಬೇರೆ.

ಈಗ ಊರಿಗೆ ಮರಳೋಣ. 17 ದೇಶಗಳ ಹಳ್ಳಿ, ಪಟ್ಟಣಗಳನ್ನು ನೋಡಿದ 'ಪ್ಯೂರ್' ಅಧ್ಯಯನ 2011ರಲ್ಲಿ ಕೊಟ್ಟ ಚಿತ್ರ ಹೀಗಿತ್ತು: ಹೃದ್ರೋಗ ಅಥವಾ ಸ್ಟ್ರೋಕ್ ಆಗಿಹೋದವರಲ್ಲಿ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ 66.5, ಭಾರತವೂ ಸೇರಿದ್ದ ಬಡದೇಶಗಳ ಗುಂಪಿನಲ್ಲಿ ಶೇ 3.3. ಅಂದಿನಿಂದ ಅಟೊರ್ವಾಸ್ಟಾಟಿನ್ ಪೇಟೆಂಟ್ ಕಳಚಿಕೊಂಡಿದೆ, ಭಾರತದ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ, ಜನೌಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪಾಯಸ್, ಡೆನಿಸ್ ಝೇವಿಯರ್ ಮುಂತಾದವರು ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗವೇ, ಬಿಪಿಯ ಮದ್ದು, ಆಸ್ಪಿರಿನ್, ಸ್ಟಾಟಿನ್ ಎಲ್ಲವನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ತುಂಬಬಹುದು ಎಂದು ಜಗತ್ತಿಗೆ ತೋರಿಸಿದವುಗಳಲ್ಲಿ ಮೊದಲಿನದು. ಅಂಥ 'ಪಾಲಿಪಿಲ್' ಅನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತನ್ನ ಅವಶ್ಯಕ ಪಟ್ಟಿಗೆ ಸೇರಿಸಿತು. ಕರ್ನಾಟಕದ ವೈದ್ಯರು ಪರೀಕ್ಷಿಸಿ ತೋರಿಸಿದ ವಿಚಾರ ಕರ್ನಾಟಕದ ಹಳ್ಳಿಗೆ ಇನ್ನೂ ನಡೆದು ಬಂದಿಲ್ಲ ಎನ್ನುವುದು ಈ ಕಥೆಯ ವ್ಯಂಗ್ಯ.

ಮೊಬೈಲಿಗೆ ಸಂದೇಶ ಕಳಿಸಿದರೆ ಆಗದೇ? ಅದನ್ನೂ ನೋಡಿದ್ದಾರೆ. ದೇಶದ 31 ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಆದ 4,298 ಜನರನ್ನು ಸೇರಿಸಿ, ಅರ್ಧ ಜನಕ್ಕೆ 12 ಭಾಷೆಗಳಲ್ಲಿ ಎಸ್‌ಎಂಎಸ್, ವಿಡಿಯೊ, ಕೈಪಿಡಿ ಕೊಟ್ಟ 'ಸ್ಪ್ರಿಂಟ್ ಇಂಡಿಯಾ' ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಮದ್ದು ತಪ್ಪಿಸದವರು ಹೆಚ್ಚಿದರು, ಕುಡಿತ ಬಿಟ್ಟವರೂ ಹೆಚ್ಚಿದರು. ಆದರೆ ಒಂದು ವರ್ಷದಲ್ಲಿ ಮತ್ತೆ ಆಘಾತವಾದವರ ಸಂಖ್ಯೆ ಇಳಿಯಲಿಲ್ಲ. ಇದರಿಂದ ಕೈಚೆಲ್ಲಬೇಕಿಲ್ಲ, ಒಂದು ವರ್ಷ ಸಣ್ಣ ಅವಧಿ. ಆದರೆ ಬರೀ ಸಂದೇಶದ ಮೇಲೆ ಭಾರ ಹಾಕಿ ಕೂರುವಂತಿಲ್ಲ ಎಂಬುದು ಸ್ಪಷ್ಟ. ಅದಕ್ಕೂ ಮುಂಚೆ, ಹೃದಯಾಘಾತವಾದ 800ಕ್ಕೂ ಹೆಚ್ಚು ಜನರ ಮನೆಗೆ ಆರೋಗ್ಯ ಕಾರ್ಯಕರ್ತರು ಹೋಗಿಬಂದ ಇನ್ನೊಂದು ಭಾರತೀಯ ಪ್ರಯೋಗದಲ್ಲಿ ಗುಳಿಗೆ ಬಿಡದವರೂ ತಂಬಾಕು ಬಿಟ್ಟವರೂ ಹೆಚ್ಚಾಗಿದ್ದರು. ಹೊಸ್ತಿಲಿಗೆ ಬಂದು ಗುಳಿಗೆಯ ಪಟ್ಟಿ ತಿರುಗಿಸಿ ನೋಡಿ, "ಯಜಮಾನ್ರ, ಇದರಾಗ ನಾಲ್ಕು ಉಳದಾವಲ್ರೀ" ಎಂದು ಕೇಳುವ ಮನುಷ್ಯರ ಮಾತಿಗೆ ತೂಕ ಬೇರೆ.

ಸರ್ಕಾರ ಕೈಕಟ್ಟಿ ಕೂತಿದೆ ಎನ್ನುವುದು ಅನ್ಯಾಯವಾದೀತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಹಾಸಿಗೆಗಳ ಸಂಖ್ಯೆ 371. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ತಾಲೂಕು ಆಸ್ಪತ್ರೆಗಳಿಗೆ ಇಳಿದುಬಂತು. ಮೆದುಳಿಗೆಂದು ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ನಡೆದಿದೆ. 30 ವರ್ಷ ದಾಟಿದವರ ಮನೆಬಾಗಿಲಿಗೆ ಬಿಪಿ, ಸಕ್ಕರೆ ತಪಾಸಣೆ ಒಯ್ಯುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾಯಿತು. ಆದರೆ ಹೃದಯಕ್ಕೆ ಒಂದು ಬಾಗಿಲು, ಮೆದುಳಿಗೆ ಒಂದು ಬಾಗಿಲು, ಬಿಪಿಗೆ ಇನ್ನೊಂದು. ಲಕ್ವಾ ಆದ ಮನುಷ್ಯ ಮೂರೂ ಬಾಗಿಲ ನಡುವಿನ ಅಂಗಳದಲ್ಲಿ ನಿಂತಿದ್ದಾನೆ. 371 ಹಾಸಿಗೆಗಳಲ್ಲಿ ಒಂದಕ್ಕೆ ಆತ ಬರುವುದು ಎದೆ ಒಡೆದ ಮೇಲೆ.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಲಕ್ವಾ ಆಗಿ ಡಿಸ್ಚಾರ್ಜ್ ಆಗುವವರ ಚೀಟಿಯಲ್ಲಿ ಎಲ್‌ಡಿಎಲ್ ಎಷ್ಟಿತ್ತು, ಎಷ್ಟಕ್ಕೆ ಇಳಿಯಬೇಕು, ಒಂದರಿಂದ ಮೂರು ತಿಂಗಳೊಳಗೆ ಮರುಪರೀಕ್ಷೆ ಯಾವಾಗ ಎಂಬ ಮೂರು ಸಾಲು ಕನ್ನಡದಲ್ಲಿರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ತಾಲೂಕಿಗೆ ಕಳಿಸುವ ವ್ಯವಸ್ಥೆಯಾಗಬೇಕು; ಈ ಪರೀಕ್ಷೆಗೆ ಬಹಳಷ್ಟು ಸಲ ಉಪವಾಸವೂ ಬೇಕಿಲ್ಲ ಎಂಬುದು ದಿನಗೂಲಿಯವರಿಗೆ ಸಣ್ಣ ಸಮಾಧಾನವಲ್ಲ. ಬಿಪಿ ಗುಳಿಗೆ ಕೊಡುವ ಕೈಯಿಂದಲೇ ಸ್ಟಾಟಿನ್ ಕೂಡ ಒಂದು ತಿಂಗಳಿಗೆ ಸಿಗಬೇಕು.

ಇಂಥವರು ಊರಲ್ಲಿ ಎಷ್ಟಿದ್ದಾರೆ, ಯಾರು ಎಂದು ಹುಡುಕಲು ಹೊಸ ಸಮೀಕ್ಷೆಯನ್ನೂ ಮಾಡಬೇಕಿಲ್ಲ. ಕೈಕಾಲು ಬಿದ್ದ ಬಹಳ ಜನ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕುತ್ತಾರೆ, ಶೇಕಡಾ ಎಷ್ಟು ವೈಕಲ್ಯ ಎಂದು ಬರೆದ ಗುರುತಿನ ಚೀಟಿ ಪಡೆಯುತ್ತಾರೆ. ಆ ಹೆಸರುಗಳು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪುಸ್ತಕದಲ್ಲಿವೆ. ಅದೇ ಓಣಿಯಲ್ಲಿ ಓಡಾಡುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಿಪಿ, ಸಕ್ಕರೆಯವರ ಹೆಸರುಗಳಿವೆ. ಆಳಂದ, ಅಫಜಲಪುರ, ಜೇವರ್ಗಿಯ ಪಂಚಾಯಿತಿಗಳಲ್ಲಿ ಈ ಎರಡು ಪುಸ್ತಕಗಳನ್ನು ಒಂದು ಮಧ್ಯಾಹ್ನ ಒಂದೇ ಮೇಜಿನ ಮೇಲೆ ಬಿಡಿಸಿಟ್ಟು, ಎರಡರಲ್ಲೂ ಇರುವ ಹೆಸರುಗಳ ಮುಂದೆ ಎಲ್‌ಡಿಎಲ್ ಎಂದು ಒಂದು ಖಾಲಿ ಕಾಲಂ ಎಳೆಯಬಹುದು. ಗೊಬ್ಬೂರಿನಲ್ಲಿ ಅದಕ್ಕೆ ಬೇಕಾದದ್ದು ಒಂದು ಸ್ಕೇಲು, ಒಂದು ಪೆನ್ನು, ತಾಲೂಕು ಆರೋಗ್ಯಾಧಿಕಾರಿಯ ಒಂದು ಸುತ್ತೋಲೆ.